ಚುಕ್ಕೆ ಕಂಡರೆ ಸಾಲದು: ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’ ಎಂಬ ಕ್ಷುದ್ರಗ್ರಹ

ಪ್ರಶ್ನೆ: ನಾನು ಹಾಸನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ‘67 ಏಷ್ಯಾ’ ಎಂಬ ಕ್ಷುದ್ರಗ್ರಹವನ್ನು 1861ರಲ್ಲಿ ಮದ್ರಾಸಿನಿಂದ ಕಂಡುಹಿಡಿದರು ಎಂದು ಓದಿದೆ. ಆಗ ಆಕಾಶದ ಫೋಟೋ ತೆಗೆಯುವ ಅನುಕೂಲ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಸಾವಿರಾರು ನಕ್ಷತ್ರಗಳ ನಡುವೆ ಒಂದು ಚುಕ್ಕೆ ಹೊಸದು ಅಂತ ಹೇಗೆ ಗೊತ್ತಾಯಿತು? ಹೆಸರು ಇಟ್ಟವರು ಯಾರು? ಕಂಡದ್ದು ಮತ್ತೆ ಕಳೆದುಹೋಗದ ಹಾಗೆ ಹೇಗೆ ನೋಡಿಕೊಂಡರು? ಮಕ್ಕಳು ಕೇಳಿದರು, ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ:

ಮಕ್ಕಳು ಸರಿಯಾದ ಜಾಗಕ್ಕೇ ಕೈಹಾಕಿದ್ದಾರೆ. ಮೂರು ಪ್ರಶ್ನೆಗಳಲ್ಲಿ ಮೂರನೆಯದೇ ಮುಖ್ಯವಾದದ್ದು. ಕ್ಷುದ್ರಗ್ರಹವನ್ನು, ಅಂದರೆ ಗ್ರಹಗಳ ಹಾಗೆ ಸೂರ್ಯನನ್ನು ಸುತ್ತುವ ಒಂದು ಸಣ್ಣ ಕಾಯವನ್ನು, ‘ಕಾಣುವುದು’ ಅಷ್ಟೇನೂ ದೊಡ್ಡ ವಿಷಯವಲ್ಲ. ಅದನ್ನು ಮತ್ತೆ ಕಾಣುವುದೇ ಕಷ್ಟ. ಎಷ್ಟೋ ಜನ ಎಷ್ಟೋ ಕ್ಷುದ್ರಗ್ರಹಗಳನ್ನು ಯಾವುದೋ ಸಣ್ಣ ನಕ್ಷತ್ರ ಅಂದುಕೊಂಡು ನೋಡಿ ಮುಂದೆ ಹೋಗಿದ್ದಾರೆ. ಅದು ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕಿ ಹೇಳುವವರೆಗೂ ಅದು ಸಿಕ್ಕಿತು ಅನ್ನುವ ಹಾಗಿಲ್ಲ.

ಈ ಕಥೆಯ ನಾಯಕ ನಾರ್ಮನ್ ರಾಬರ್ಟ್ ಪಾಗ್ಸನ್. ಇಂಗ್ಲೆಂಡಿನವನು. ಮದ್ರಾಸಿಗೆ ಬರುವ ಮೊದಲೇ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಮಾಡುತ್ತಾ ಮೂರು ಕ್ಷುದ್ರಗ್ರಹಗಳನ್ನು ಹಿಡಿದಿದ್ದ: 1856ರಲ್ಲಿ ಐಸಿಸ್, 1857ರಲ್ಲಿ ಅರಿಯಾಡ್ನೆ ಮತ್ತು ಹೆಸ್ಟಿಯಾ. 1861ರ ಆರಂಭದಲ್ಲಿ ಮದ್ರಾಸಿನ ಸರ್ಕಾರಿ ಖಗೋಳಜ್ಞನಾಗಿ ಬಂದಿಳಿದ. ಬಂದು ಕೆಲವೇ ವಾರ ಆಗಿತ್ತು, ಏಪ್ರಿಲ್ 17ರ ರಾತ್ರಿ ಏಷ್ಯಾ ಸಿಕ್ಕಿತು. ಆಮೇಲೆ ಸಾಯುವವರೆಗೂ, ಅಂದರೆ 1891ರವರೆಗೂ, ಅವನು ಮದ್ರಾಸಿನಲ್ಲೇ ಇದ್ದ.

ವೀಕ್ಷಣಾಲಯ ಇದ್ದದ್ದು ನುಂಗಂಬಾಕ್ಕಂನಲ್ಲಿ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ್ದು. ಆ ಜಾಗ ಈಗ ಹವಾಮಾನ ಇಲಾಖೆಯ ಆವರಣದಲ್ಲಿದೆ. ತಮಿಳು, ತೆಲುಗೂ ಸೇರಿ ಹಲವು ಭಾಷೆಗಳಲ್ಲಿ ಶಾಸನ ಕೆತ್ತಿದ ಒಂದು ಕಲ್ಲಿನ ಕಂಬ ಇವತ್ತಿಗೂ ಅಲ್ಲಿ ನಿಂತಿದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಹೊಸದು ಅಂತ ಗೊತ್ತಾಗುವುದು ಹೇಗೆ?

ಉತ್ತರ ಒಂದೇ ಮಾತು: ನಕ್ಷೆ. ಕ್ಷುದ್ರಗ್ರಹಗಳು ಆಕಾಶದಲ್ಲಿ ಎಲ್ಲೆಂದರಲ್ಲಿ ಅಲೆಯುವುದಿಲ್ಲ. ಹೆಚ್ಚಿನವು ಸೂರ್ಯ, ಚಂದ್ರ, ಗ್ರಹಗಳು ಓಡಾಡುವ ದಾರಿಯ ಅಕ್ಕಪಕ್ಕದಲ್ಲೇ ಇರುತ್ತವೆ, ಅಂದರೆ ನಮ್ಮ ಮೇಷ, ವೃಷಭ ಇತ್ಯಾದಿ ಹನ್ನೆರಡು ರಾಶಿಗಳ ಪಟ್ಟಿಯಲ್ಲಿ. ಹಾಗಾಗಿ ಆ ಪಟ್ಟಿಯ ಒಂದೊಂದೇ ತುಂಡನ್ನು ತೆಗೆದುಕೊಂಡು, ಬರಿಗಣ್ಣಿಗೆ ಕಾಣದ ಮಂಕು ನಕ್ಷತ್ರಗಳನ್ನೂ ಬಿಡದೆ ಗುರುತು ಹಾಕಿದ ನಕ್ಷೆ ಕೈಯಲ್ಲಿ ಇರಬೇಕು. ಬರ್ಲಿನ್ ಅಕಾಡೆಮಿಯವರು ಇಂಥ ನಕ್ಷೆಗಳನ್ನು ಮಾಡಿಸಿದ್ದರು, 1846ರಲ್ಲಿ ನೆಪ್ಚೂನ್ ಸಿಕ್ಕಿದ್ದು ಅದರಲ್ಲೊಂದರ ಸಹಾಯದಿಂದಲೇ. ಪಾಗ್ಸನ್ ಕೂಡ ನಕ್ಷೆ ಬರೆಯುವುದರಲ್ಲಿ ಪಳಗಿದ ಕೈ. ಹೊಳಪು ಬದಲಾಗುವ ನಕ್ಷತ್ರಗಳ ಸುತ್ತಲಿನ ನಕ್ಷೆಗಳನ್ನು ವರ್ಷಗಟ್ಟಲೆ ಬರೆದಿದ್ದ.

ಕೆಲಸ ನಡೆಯುವುದು ಹೀಗೆ. ಒಂದು ಸಣ್ಣ ದೀಪದ ಬೆಳಕಿನಲ್ಲಿ ನಕ್ಷೆ ನೋಡಬೇಕು, ಆಮೇಲೆ ಟೆಲಿಸ್ಕೋಪಿಗೆ ಕಣ್ಣಿಡಬೇಕು, ಮತ್ತೆ ನಕ್ಷೆ, ಮತ್ತೆ ಟೆಲಿಸ್ಕೋಪ್. ಒಂದು ಸಲಕ್ಕೆ ಕಾಣುವುದು ಆಕಾಶದ ಒಂದು ಸಣ್ಣ ವೃತ್ತ ಮಾತ್ರ. ಅದರಲ್ಲಿರುವ ಪ್ರತಿ ಚುಕ್ಕೆಗೂ ನಕ್ಷೆಯಲ್ಲಿ ಒಂದು ಗುರುತು ಇದೆಯಾ ಅಂತ ತಾಳೆ ನೋಡಬೇಕು. ಎಲ್ಲವೂ ಸರಿ ಇದ್ದರೆ ಪಕ್ಕದ ವೃತ್ತಕ್ಕೆ ಸರಿಯಬೇಕು. ಸುಮ್ನೆ ಹೇಳುತ್ತಿಲ್ಲ, ಇದು ತಲೆ ಚಿಟ್ಟುಹಿಡಿಸುವ ಕೆಲಸ. ಪ್ರತಿಭೆಗಿಂತ ಇಲ್ಲಿ ಬೇಕಾಗುವುದು ಬೇಜಾರನ್ನು ತಡೆದುಕೊಳ್ಳುವ ಶಕ್ತಿ ಅಂತ ನನ್ನ ಅಭಿಪ್ರಾಯ.

ಒಂದು ರಾತ್ರಿ ನಕ್ಷೆಯಲ್ಲಿಲ್ಲದ ಚುಕ್ಕೆ ಕಂಡಿತು ಅಂತಿಟ್ಟುಕೊಳ್ಳಿ. ತಕ್ಷಣ ಕುಣಿದಾಡುವ ಹಾಗಿಲ್ಲ. ನಕ್ಷೆ ಬರೆದವನೇ ಆ ನಕ್ಷತ್ರವನ್ನು ಬಿಟ್ಟಿರಬಹುದು. ಹೊಳಪು ಏರಿಳಿಯುವ ನಕ್ಷತ್ರ ಆಗಿರಬಹುದು, ನಕ್ಷೆ ಬರೆದ ದಿನ ಮಂಕಾಗಿತ್ತು, ಇವತ್ತು ಬೆಳಗಿದೆ. ಅಥವಾ ಈಗಾಗಲೇ ಗೊತ್ತಿರುವ ಅರವತ್ತು ಚಿಲ್ಲರೆ ಕ್ಷುದ್ರಗ್ರಹಗಳಲ್ಲೇ ಒಂದಾಗಿರಬಹುದು. ಇವಿಷ್ಟನ್ನೂ ಹೊಡೆದುಹಾಕಿದ ಮೇಲೆ ಉಳಿಯುವುದು ಹೊಸದು.

ಸರಿಯುತ್ತಿದೆಯಾ ಇಲ್ಲವಾ ಅಂತ ನೋಡುವುದಕ್ಕೆ ಒಂದು ಹಳೇ ಉಪಾಯ ಇತ್ತು. ಮಕ್ಕಳಿಗೆ ಇದನ್ನು ಖಂಡಿತ ಹೇಳಿ. ಟೆಲಿಸ್ಕೋಪನ್ನು ಅಲ್ಲಾಡದ ಹಾಗೆ ನಿಲ್ಲಿಸಿಬಿಡುವುದು. ಭೂಮಿ ತಿರುಗುತ್ತಿರುವುದರಿಂದ ಆಕಾಶವೇ ಸರಿಯುತ್ತಾ ಹೋಗುತ್ತೆ. ಕಣ್ಣಿಡುವ ಕಡೆ ಒಂದು ತೆಳು ತಂತಿ ಇರುತ್ತೆ. ಗೊತ್ತಿರುವ ಒಂದು ನಕ್ಷತ್ರ ಆ ತಂತಿಯನ್ನು ಯಾವಾಗ ದಾಟಿತು, ಅನುಮಾನದ ಚುಕ್ಕೆ ಯಾವಾಗ ದಾಟಿತು ಅಂತ ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಬರೆದುಕೊಳ್ಳುವುದು. ಎರಡರ ನಡುವಿನ ಸೆಕೆಂಡುಗಳೇ ಅವೆರಡರ ನಡುವಿನ ಅಂತರ. ಒಂದು ಗಂಟೆ ಬಿಟ್ಟು ಮತ್ತೆ ಅದೇ ಕೆಲಸ.

ಏಷ್ಯಾದಂಥ ಕ್ಷುದ್ರಗ್ರಹ ಸೂರ್ಯನಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಇದ್ದಾಗ, ಅಂದರೆ ಮಧ್ಯರಾತ್ರಿ ನೆತ್ತಿಗೆ ಬರುವ ದಿನಗಳಲ್ಲಿ, ಒಂದು ದಿನಕ್ಕೆ ಸುಮಾರು ಕಾಲು ಡಿಗ್ರಿ ಸರಿಯುತ್ತೆ. ಹುಣ್ಣಿಮೆ ಚಂದ್ರನ ಅಗಲದ ಅರ್ಧ. ಗಂಟೆಗೆ ಲೆಕ್ಕ ಹಾಕಿದರೆ ಗಡಿಯಾರದಲ್ಲಿ ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಕಿವಿಗೆ ಎರಡು ಟಿಕ್. ಅಷ್ಟು ಸಾಕು, ಅದು ನಕ್ಷತ್ರ ಅಲ್ಲ ಅಂತ ಆ ರಾತ್ರಿಯೇ ಗೊತ್ತಾಗುತ್ತೆ. ಇನ್ನೊಂದು ಸುಳಿವೂ ಇದೆ. ಆ ದಿನಗಳಲ್ಲಿ ಅದು ಸರಿಯುವುದು ಹಿಂದಕ್ಕೆ, ಪಶ್ಚಿಮದ ಕಡೆಗೆ. ಪಂಚಾಂಗದಲ್ಲಿ ಗುರು ವಕ್ರಿ, ಶನಿ ವಕ್ರಿ ಅಂತ ಬರೆದಿರುತ್ತಾರಲ್ಲ, ಅದೇ ವಕ್ರಗತಿ. ನಿಜಕ್ಕೂ ಹಿಂದೆ ಹೋಗುವುದಿಲ್ಲ, ಒಳಗಿನ ದಾರಿಯಲ್ಲಿರುವ ಭೂಮಿ ವೇಗವಾಗಿ ಅದನ್ನು ಹಿಂದಿಕ್ಕುವಾಗ ನಮಗೆ ಹಾಗೆ ಕಾಣುತ್ತೆ, ಅಷ್ಟೇ.

ಇಲ್ಲಿ ಮದ್ರಾಸಿಗೇ ಒಂದು ಅನುಕೂಲ ಇತ್ತು. ಪಾಗ್ಸನ್ ಅಲ್ಲಿಂದ ಕಂಡುಹಿಡಿದ ಐದು ಕ್ಷುದ್ರಗ್ರಹಗಳ ತಾರೀಖು ನೋಡಿ: ಏಷ್ಯಾ 1861ರ ಏಪ್ರಿಲ್ 17, ಸ್ಯಾಫೋ 1864ರ ಮೇ 2, ಸಿಲ್ವಿಯಾ 1866ರ ಮೇ 16, ಕಮಿಲ್ಲಾ 1868ರ ನವೆಂಬರ್ 17, ವೆರಾ 1885ರ ಫೆಬ್ರವರಿ 6. ಐದರಲ್ಲಿ ಮೂರು ಏಪ್ರಿಲ್–ಮೇ ತಿಂಗಳಿನವು. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಬೇಸಿಗೆಯ ಆ ದಿನಗಳಲ್ಲಿ ಮಧ್ಯರಾತ್ರಿ ಮೇಲಿರುವುದು ಕನ್ಯಾ, ತುಲಾ, ವೃಶ್ಚಿಕ ರಾಶಿಗಳ ಕಡೆಯ ಆಕಾಶ. ಅದು ದಕ್ಷಿಣಕ್ಕೆ ವಾಲಿದ ಭಾಗ. ಮೇ ನಡುವಿನ ಹೊತ್ತಿಗೆ ಆಕ್ಸ್‌ಫರ್ಡ್‌ನಿಂದ ನೋಡಿದರೆ ಆ ಭಾಗ ದಿಗಂತದಿಂದ ಬರೀ 19 ಡಿಗ್ರಿ ಮೇಲೆ ಬರುತ್ತೆ, ಮರ, ಮನೆ, ಮಂಜು ಎಲ್ಲ ಅಡ್ಡ. ಮದ್ರಾಸಿನಿಂದ ನೋಡಿದರೆ ಅದೇ ಜಾಗ 58 ಡಿಗ್ರಿ ಎತ್ತರ. ಮೇಲಾಗಿ ಯುರೋಪಿನಲ್ಲಿ ಆಗ ರಾತ್ರಿಯೇ ಚಿಕ್ಕದು. ನಮ್ಮ ಕಡೆ ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ, ಆಕಾಶ ತಿಳಿಯಾಗಿರುತ್ತೆ. ಯುರೋಪಿನವರ ಕೈಗೆ ಸರಿಯಾಗಿ ಎಟುಕದ ಹೊತ್ತಿನಲ್ಲಿ ಇವನು ಬಲೆ ಬೀಸಿದ.

ಮದ್ರಾಸಿನಲ್ಲಿ ಆಗ ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆತಾನ್ ಕಂಪನಿಯ 6 ಇಂಚಿನ ಟೆಲಿಸ್ಕೋಪ್ ಇತ್ತು, 1850ರಲ್ಲಿ ಬಂದದ್ದು. ಇವತ್ತಿನ ಲೆಕ್ಕದಲ್ಲಿ ತೀರಾ ಸಣ್ಣದು, ಹವ್ಯಾಸಿಗಳ ಮನೆಯಲ್ಲೂ ಇದಕ್ಕಿಂತ ದೊಡ್ಡದು ಇರುತ್ತೆ. ಆದರೆ ಆ ಟೆಲಿಸ್ಕೋಪ್ ಮೂಲೆಗೆ ಬೀಳಲಿಲ್ಲ. ಮುಂದೆ ಕೊಡೈಕೆನಾಲ್‌ಗೆ ಹೋಯಿತು, ಅಲ್ಲಿ 1912ರಿಂದ ಸೂರ್ಯನ ಫೋಟೋ ತೆಗೆಯುವ ಕೆಲಸಕ್ಕೆ ಹತ್ತಿತು.

ಇನ್ನು ಪಾಗ್ಸನ್ ಒಬ್ಬನೇ ಎಲ್ಲ ಮಾಡಿದ ಅಂದುಕೊಳ್ಳಬೇಡಿ. ವೀಕ್ಷಣಾಲಯದಲ್ಲಿ ನಮ್ಮವರೇ ಆದ ಸಹಾಯಕರು ಇದ್ದರು. ಅವರಲ್ಲಿ ಚಿಂತಾಮಣಿ ರಘುನಾಥಾಚಾರಿ ದೊಡ್ಡ ಹೆಸರು. 1867ರಲ್ಲಿ ಹೊಳಪು ಬದಲಾಗುವ ಒಂದು ಹೊಸ ನಕ್ಷತ್ರವನ್ನು ಕಂಡುಹಿಡಿದರು, ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. 1874ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋದಾಗ ಜನರಿಗೆ ಅರ್ಥವಾಗಲಿ ಅಂತ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂದಿತ್ತು. ಪಾಠಪುಸ್ತಕಗಳಲ್ಲಿ ಇವರ ಹೆಸರು ಇನ್ನೂ ಜಾಸ್ತಿ ಕಾಣಬೇಕಿತ್ತು.

ಈಗ ಮೂರನೇ ಪ್ರಶ್ನೆ. ಕಳೆದುಹೋಗದ ಹಾಗೆ ನೋಡಿಕೊಳ್ಳುವುದು.

ಕ್ಷುದ್ರಗ್ರಹ ಚೆನ್ನಾಗಿ ಕಾಣುವುದು ಕೆಲವು ತಿಂಗಳು ಮಾತ್ರ. ಆಮೇಲೆ ಅದು ಸೂರ್ಯನ ಕಡೆಗೆ ಸರಿದು ಸಂಜೆ ಬೆಳಕಿನಲ್ಲಿ ಮುಳುಗುತ್ತೆ. ವರ್ಷ ಕಳೆದು ಮತ್ತೆ ರಾತ್ರಿ ಆಕಾಶಕ್ಕೆ ಬಂದಾಗ ಬೇರೆಯದೇ ರಾಶಿಯಲ್ಲಿರುತ್ತೆ, ಬೇರೆ ಸಾವಿರಾರು ಚುಕ್ಕೆಗಳ ನಡುವೆ. ಎಲ್ಲಿ ಹುಡುಕುವುದು? ಕಕ್ಷೆ ಗೊತ್ತಿಲ್ಲದಿದ್ದರೆ ಮುಗೀತು.

ಮೊದಲನೇ ಕ್ಷುದ್ರಗ್ರಹ ಸೆರೆಸ್‌ಗೇ ಈ ಗತಿ ಬಂದಿತ್ತು. (ಅದನ್ನು ಈಗ ಕುಬ್ಜ ಗ್ರಹ ಅಂತ ಬಡ್ತಿ ಕೊಟ್ಟು ಕರೆಯುತ್ತಾರೆ.) 1801ರ ಜನವರಿ 1ರಂದು ಇಟಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾಟ್ಸಿ ಅದನ್ನು ಕಂಡ, ಫೆಬ್ರವರಿ 11ರವರೆಗೆ ಹಿಂಬಾಲಿಸಿದ, ಆಮೇಲೆ ಸೂರ್ಯನ ಬೆಳಕಿನಲ್ಲಿ ಅದು ಮರೆಯಾಯಿತು. ಯುರೋಪೆಲ್ಲ ಹುಡುಕಾಡಿತು. ಕೊನೆಗೆ ಜರ್ಮನಿಯ ಗಣಿತಜ್ಞ ಗಾಸ್, ಆಗಿನ್ನೂ 24 ವರ್ಷದ ಹುಡುಗ, ಒಂದು ಹೊಸ ಲೆಕ್ಕದ ದಾರಿ ಕಂಡುಕೊಂಡು ಇಂಥ ಕಡೆ ನೋಡಿ ಅಂತ ಹೇಳಿದ. ಅದೇ ವರ್ಷದ ಕೊನೆಗೆ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು.

ಗಾಸ್ ಲೆಕ್ಕದ ಒಳಗುಟ್ಟು ಇಷ್ಟು. ಒಂದು ಕಕ್ಷೆಯನ್ನು ಪೂರ್ತಿ ಹೇಳುವುದಕ್ಕೆ ಆರು ಸಂಖ್ಯೆ ಬೇಕು. ಕಕ್ಷೆ ಎಷ್ಟು ದೊಡ್ಡದು, ಎಷ್ಟು ಉದ್ದುದ್ದ, ಭೂಮಿಯ ಕಕ್ಷೆಗೆ ಹೋಲಿಸಿದರೆ ಎಷ್ಟು ಓರೆ, ಆ ಓರೆ ಯಾವ ಕಡೆಗೆ, ಸೂರ್ಯನಿಗೆ ಹತ್ತಿರ ಬರುವ ತುದಿ ಯಾವ ದಿಕ್ಕಿನಲ್ಲಿ, ಮತ್ತೆ ಒಂದು ನಿರ್ದಿಷ್ಟ ದಿನ ಅದು ಆ ದಾರಿಯಲ್ಲಿ ಎಲ್ಲಿತ್ತು. ನಾವು ಒಂದು ರಾತ್ರಿ ಅಳೆದರೆ ಸಿಗುವುದು ಎರಡು ಸಂಖ್ಯೆ: ಆಕಾಶದಲ್ಲಿ ಪೂರ್ವ–ಪಶ್ಚಿಮದ ಜಾಗ, ಉತ್ತರ–ದಕ್ಷಿಣದ ಜಾಗ. ದೂರ ಎಷ್ಟು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಆರು ಬೇಕಾದರೆ ಕನಿಷ್ಠ ಮೂರು ರಾತ್ರಿ ಬೇಕು. ಎರಡು ಸಾಲದು. ಮೂರು ರಾತ್ರಿಗಳ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಕಕ್ಷೆ ಗಟ್ಟಿ. ಬೆನ್ನುಬೆನ್ನಿಗೆ ಮೂರು ದಿನ ನೋಡಿದರೆ ಲೆಕ್ಕ ಬರುತ್ತೆ, ಆದರೆ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಆದರೂ ಕಕ್ಷೆ ಎಲ್ಲಿಗೋ ಹೋಗಿಬಿಡುತ್ತೆ.

ಮೂರನೇ ರಾತ್ರಿ ಸಿಗದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಪಾಗ್ಸನ್ನನ ಬದುಕಿನಲ್ಲೇ ಒಂದು ಪ್ರಸಂಗ ಇದೆ. 1872ರ ನವೆಂಬರ್ 27ರಂದು ಯುರೋಪಿನಲ್ಲಿ ಭಾರೀ ಉಲ್ಕೆಗಳ ಮಳೆ ಕಂಡಿತು. ಒಡೆದು ಮಾಯವಾಗಿದ್ದ ಬಿಯೆಲಾ ಧೂಮಕೇತುವಿನ ಚೂರುಗಳು ಅವು ಅಂತ ಜನ ಊಹಿಸಿದರು. ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಕ್ಲಿಂಕರ್‌ಫ್ಯೂಸ್ ಎಂಬ ಖಗೋಳಜ್ಞ ಮದ್ರಾಸಿಗೆ ಟೆಲಿಗ್ರಾಂ ಕಳಿಸಿದ: ಬಿಯೆಲಾ ಭೂಮಿಯನ್ನು ಮುಟ್ಟಿಹೋಗಿದೆ, ದಕ್ಷಿಣ ಆಕಾಶದಲ್ಲಿ ಸೆಂಟಾರಸ್ ನಕ್ಷತ್ರಪುಂಜದ ಹತ್ತಿರ ಹುಡುಕು. ಪಾಗ್ಸನ್ ಹುಡುಕಿದ. ಡಿಸೆಂಬರ್ ಮೊದಲ ವಾರ ಆ ಕಡೆ ನಿಜವಾಗಿ ಒಂದು ಧೂಮಕೇತು ಸಿಕ್ಕಿತು! ಎರಡು ದಿನ ಬೆಳಗಿನ ಜಾವ ಅಳತೆ ತೆಗೆದ. ಅಷ್ಟರಲ್ಲಿ ಮೋಡ ಕವಿಯಿತು. ಮೂರನೇ ಅಳತೆ ಸಿಗಲೇ ಇಲ್ಲ, ಬೇರೆ ಯಾರಿಗೂ ಅದು ಕಾಣಲಿಲ್ಲ. ಅದು ಬಿಯೆಲಾನೋ, ಸುಮ್ನೆ ಆ ಕಡೆ ಹಾದುಹೋಗುತ್ತಿದ್ದ ಬೇರೆ ಧೂಮಕೇತುವೋ ಅಂತ ಇವತ್ತಿಗೂ ಖಚಿತವಾಗಿ ಹೇಳಲು ಬಾರದು. ನಾಲ್ಕು ಸಂಖ್ಯೆ ಇದೆ, ಆರು ಬೇಕಿತ್ತು. ನಿಮ್ಮ ಮಕ್ಕಳಿಗೆ ‘ಸಮೀಕರಣಗಳ ಸಂಖ್ಯೆ ಸಾಲದಿದ್ದರೆ ಉತ್ತರ ಬರುವುದಿಲ್ಲ’ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಏಷ್ಯಾಕ್ಕೆ ಆ ಗತಿ ಬರಲಿಲ್ಲ. ಆದರೆ ಆಗಿನ ಪರಿಸ್ಥಿತಿ ನೆನಪಿಡಿ. ಭಾರತದಿಂದ ಇಂಗ್ಲೆಂಡಿಗೆ ಟೆಲಿಗ್ರಾಫ್ ಸಂಪರ್ಕ ಬಂದದ್ದು 1865ರಲ್ಲಿ. 1861ರಲ್ಲಿ ಸುದ್ದಿ ಹೋಗಬೇಕಾದದ್ದು ಟಪಾಲು ಹಡಗಿನಲ್ಲೇ. ಸೂಯೆಜ್ ಕಾಲುವೆಯೂ ಆಗಿರಲಿಲ್ಲ, ಈಜಿಪ್ಟಿನಲ್ಲಿ ಇಳಿಸಿ ನೆಲದ ಮೇಲೆ ಸಾಗಿಸಿ ಮತ್ತೆ ಹಡಗು ಹತ್ತಿಸಬೇಕು. ಕಾಗದ ತಲುಪುವಷ್ಟರಲ್ಲಿ ಕ್ಷುದ್ರಗ್ರಹ ಹೇಳಿದ ಜಾಗದಲ್ಲಂತೂ ಇರುವುದಿಲ್ಲ. ಹಾಗಾಗಿ ಮದ್ರಾಸಿನಲ್ಲಿ ಕಂಡದ್ದನ್ನು ಮದ್ರಾಸಿನಲ್ಲೇ ಬಿಡದೆ ಹಿಂಬಾಲಿಸಬೇಕಿತ್ತು.

ಸರಿ, ಆ ಆರು ಸಂಖ್ಯೆಗಳಿಂದ ಏಷ್ಯಾ ಬಗ್ಗೆ ಏನು ಗೊತ್ತಾಗಿದೆ? ಭೂಮಿ–ಸೂರ್ಯರ ದೂರವನ್ನು 1 ಅಂತ ಇಟ್ಟುಕೊಂಡರೆ, ಏಷ್ಯಾ ಸೂರ್ಯನಿಂದ ಸರಾಸರಿ 2.42 ದೂರದಲ್ಲಿದೆ. ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯ ಒಳ ಅಂಚಿನ ಕಡೆಗೆ. ಕಕ್ಷೆ ಪೂರ್ತಿ ದುಂಡಗಿಲ್ಲ. ಹತ್ತಿರ ಬಂದಾಗ ಸುಮಾರು 1.97, ದೂರ ಹೋದಾಗ ಸುಮಾರು 2.87. ಭೂಮಿಯ ಕಕ್ಷೆಗೆ ಸುಮಾರು 6 ಡಿಗ್ರಿ ಓರೆ. ಒಂದು ಸುತ್ತಿಗೆ 3.77 ವರ್ಷ. ಪಾಗ್ಸನ್ ನೋಡಿದ ರಾತ್ರಿಯಿಂದ ಇಲ್ಲಿಯವರೆಗೆ ಅದು ಸೂರ್ಯನನ್ನು ಸುತ್ತಿರುವುದು ನಲವತ್ತಮೂರು ಸಲದ ಆಸುಪಾಸು, ಅಷ್ಟೇ. ಅದರ ವೇಗ ಸೆಕೆಂಡಿಗೆ ಸುಮಾರು 19 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಎಂಟು ಸೆಕೆಂಡು. ಅಗಲ 58 ಕಿಲೋಮೀಟರ್ ಹತ್ತಿರ. ಕಲ್ಲಿನ ಜಾತಿಯದು, ತನ್ನ ಸುತ್ತ ತಾನು ತಿರುಗಲು 16 ಗಂಟೆಗೆ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತೆ.

ಆ 3.77 ವರ್ಷದಲ್ಲಿ ಒಂದು ತಮಾಷೆ ಇದೆ. ಮಂಗಳ ಸೂರ್ಯನನ್ನು ಒಮ್ಮೆ ಸುತ್ತಲು 1.88 ವರ್ಷ. ಎರಡು ಸುತ್ತಿಗೆ 3.76. ಅಂದರೆ ಏಷ್ಯಾ ಒಂದು ಸುತ್ತು ಮುಗಿಸುವಷ್ಟರಲ್ಲಿ ಮಂಗಳ ಹೆಚ್ಚುಕಡಿಮೆ ಸರಿಯಾಗಿ ಎರಡು ಸುತ್ತು ಮುಗಿಸಿರುತ್ತೆ. ಇನ್ನೊಂದು ಕಡೆ ಗುರು. ಗುರುವಿನ ಒಂದು ಸುತ್ತಿಗೆ ಸರಿಯಾಗಿ ಮೂರು ಸುತ್ತು ಹಾಕುವ ಜಾಗ ಎಲ್ಲಿ ಅಂತ ಲೆಕ್ಕ ಹಾಕಿದರೆ 2.5 ದೂರ ಬರುತ್ತೆ. ಆ ಜಾಗದಲ್ಲಿ ಕ್ಷುದ್ರಗ್ರಹಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗುರು ಮತ್ತೆ ಮತ್ತೆ ಒಂದೇ ರೀತಿ ಎಳೆದು ಎಳೆದು ಅಲ್ಲಿದ್ದವನ್ನು ಹೊರಗಟ್ಟಿದೆ. 1866ರಲ್ಲಿ ಅಮೆರಿಕದ ಖಗೋಳಜ್ಞ ಡೇನಿಯಲ್ ಕರ್ಕ್‌ವುಡ್ ಇದನ್ನು ಗಮನಿಸಿದ. ಗೊತ್ತಿದ್ದ ಕ್ಷುದ್ರಗ್ರಹಗಳು ಆಗ ನೂರೂ ಇರಲಿಲ್ಲ, ಆದರೂ ಖಾಲಿ ಜಾಗ ಕಣ್ಣಿಗೆ ಬಿತ್ತು. ಏಷ್ಯಾ ಆ ಖಾಲಿ ಜಾಗದ ಈಚೆ ದಡದಲ್ಲಿ ಸುರಕ್ಷಿತವಾಗಿದೆ. ಒಂದೊಂದು ಚುಕ್ಕೆಗೂ ಕಕ್ಷೆ ಲೆಕ್ಕ ಹಾಕಿಟ್ಟಿದ್ದರಿಂದಲೇ ಇದು ಕಂಡದ್ದು.

ಹೊಳಪಿನ ವಿಷಯ ಹೇಳದಿದ್ದರೆ ಪಾಗ್ಸನ್ನನಿಗೆ ಅನ್ಯಾಯ. ನಕ್ಷತ್ರಗಳ ಹೊಳಪನ್ನು ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಅಳೆಯುತ್ತೇವಲ್ಲ, ಸಂಖ್ಯೆ ಏರಿದಷ್ಟೂ ಮಂಕು. ಬರಿಗಣ್ಣಿಗೆ ಆರನೇ ದರ್ಜೆವರೆಗೆ ಕಾಣುತ್ತೆ. ಒಂದು ದರ್ಜೆಗೂ ಇನ್ನೊಂದಕ್ಕೂ ಎಷ್ಟು ಪಟ್ಟು ವ್ಯತ್ಯಾಸ ಅನ್ನುವುದು ಆಗ ಒಬ್ಬೊಬ್ಬರಿಗೆ ಒಂದೊಂದು. 1856ರಲ್ಲಿ ಪಾಗ್ಸನ್ 2.512 ಪಟ್ಟು ಅಂತ ಇಟ್ಟುಕೊಳ್ಳೋಣ ಅಂದ. ಹಾಗಾದರೆ ಐದು ದರ್ಜೆಗೆ ಸರಿಯಾಗಿ ನೂರು ಪಟ್ಟು ಆಗುತ್ತೆ, ಲೆಕ್ಕ ಸಲೀಸು. ಇವತ್ತಿಗೂ ಜಗತ್ತಿನ ಎಲ್ಲ ಖಗೋಳಜ್ಞರು ಬಳಸುವುದು ಇದನ್ನೇ. ಇದು ಬಂದದ್ದು ಕ್ಷುದ್ರಗ್ರಹಗಳಿಂದ ಅನ್ನುವುದು ಹಲವರಿಗೆ ಗೊತ್ತಿಲ್ಲ. ಮುಂದಿನ ವರ್ಷ ಪ್ರತಿ ತಿಂಗಳು ಯಾವ ಕ್ಷುದ್ರಗ್ರಹ ಎಷ್ಟು ಮಂಕಾಗಿರುತ್ತೆ ಅಂತ 36 ಕ್ಷುದ್ರಗ್ರಹಗಳಿಗೆ ಮುಂಗಡ ಪಟ್ಟಿ ಮಾಡಲು ಹೊರಟಾಗ ಅವನಿಗೆ ಒಂದು ಖಚಿತ ಅಳತೆಗೋಲು ಬೇಕಾಯಿತು. ಎಷ್ಟು ಹೊಳೆಯುತ್ತೆ ಅಂತ ಗೊತ್ತಿಲ್ಲದೆ ಹುಡುಕುವುದು ಹೇಗೆ, ಅಲ್ವಾ?

ಈಗ ಹೆಸರು. 1861ರಲ್ಲಿ ಇದಕ್ಕೆ ಸಮಿತಿ ಗಿಮಿತಿ ಏನೂ ಇರಲಿಲ್ಲ. ಕಂಡವನೇ ಇಡಬಹುದಿತ್ತು, ಇಲ್ಲವೇ ಗೌರವಕ್ಕೆ ಇನ್ನೊಬ್ಬರ ಕೈಯಲ್ಲಿ ಇಡಿಸುತ್ತಿದ್ದರು. ಒಂದು ಅಲಿಖಿತ ಕಟ್ಟುಪಾಡು ಮಾತ್ರ ಇತ್ತು: ಗ್ರೀಕ್ ಅಥವಾ ರೋಮನ್ ಪುರಾಣದ ಹೆಣ್ಣಿನ ಹೆಸರಾಗಿರಬೇಕು. ಆ ವರ್ಷ ಅದನ್ನು ಮುರಿಯಲು ಹೋದವರ ಮೇಲೆ ಗಲಾಟೆಯೇ ಆಯಿತು. ಏಷ್ಯಾಕ್ಕಿಂತ ಒಂದು ತಿಂಗಳು ಮೊದಲು ಸಿಕ್ಕ 65ನೆಯದಕ್ಕೆ ಬವೇರಿಯಾದ ರಾಜನ ಗೌರವಕ್ಕೆ ‘ಮ್ಯಾಕ್ಸಿಮಿಲಿಯಾನಾ’ ಅಂತ ಇಟ್ಟಿದ್ದರು. ಉಳಿದವರು ಒಪ್ಪಲಿಲ್ಲ, ಕೊನೆಗೆ ‘ಸಿಬೆಲೆ’ ಆಯಿತು. ‘ಏಷ್ಯಾ’ ಹೆಸರು ಈ ದೃಷ್ಟಿಯಿಂದ ಜಾಣತನದ್ದು. ಗ್ರೀಕ್ ಪುರಾಣದಲ್ಲಿ ಏಷ್ಯಾ ಎಂಬವಳು ಓಶಿಯಾನಸ್‌ನ ಮಗಳು, ಹಾಗಾಗಿ ಕಟ್ಟುಪಾಡಿಗೆ ಸಂದಿತು. ಏಷ್ಯಾ ಖಂಡದಿಂದ ಸಿಕ್ಕ ಮೊಟ್ಟಮೊದಲ ಕ್ಷುದ್ರಗ್ರಹ ಅನ್ನುವುದನ್ನೂ ಹೇಳಿದಂತಾಯಿತು. ‘ಯುರೋಪಾ’ ಮೂರು ವರ್ಷ ಮುಂಚೆಯೇ ಪಟ್ಟಿಯಲ್ಲಿತ್ತು, 52ನೆಯದು. ಅದೇ ಏಪ್ರಿಲ್‌ನಲ್ಲಿ ಮಿಲಾನಿನಲ್ಲಿ ಸ್ಕಿಯಾಪರೆಲ್ಲಿ ಕಂಡ 69ನೆಯದಕ್ಕೆ ‘ಹೆಸ್ಪೀರಿಯಾ’ ಅಂತ ಇಟ್ಟರು, ಅದು ಗ್ರೀಕರು ಇಟಲಿಯನ್ನು ಕರೆಯುತ್ತಿದ್ದ ಹೆಸರು. ಊರಿನ ಅಭಿಮಾನವನ್ನು ಪುರಾಣದ ಸೆರಗಿನಲ್ಲಿ ಕಟ್ಟಿಕೊಡುವುದು ಆಗಿನ ರೂಢಿ. ಹೆಸರಿನ ಮೊದಲು ಬರುವ 67 ಅನ್ನುವುದು ಕಂಡುಹಿಡಿದ ಸರದಿಯ ನಂಬರ್.

ಈಗಿನ ಪದ್ಧತಿ ಬೇರೆ. ಮೊದಲು ತಾತ್ಕಾಲಿಕ ಗುರುತು. ಕಕ್ಷೆ ಗಟ್ಟಿಯಾಗಿ ತಿಳಿದ ಮೇಲೆ ಮಾತ್ರ ಕಾಯಂ ನಂಬರ್. ನಂಬರ್ ಸಿಕ್ಕ ಮೇಲೆ ಹತ್ತು ವರ್ಷದೊಳಗೆ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹದಿನಾರು ಅಕ್ಷರ ಮೀರಬಾರದು, ವ್ಯಾಪಾರದ ಹೆಸರು ನಡೆಯದು, ರಾಜಕಾರಣಿ ಅಥವಾ ಸೇನೆಯವರ ಹೆಸರಾದರೆ ಅವರು ತೀರಿಕೊಂಡು ನೂರು ವರ್ಷ ಆಗಿರಬೇಕು. ದುಡ್ಡು ಕೊಟ್ಟರೆ ಹೆಸರು ಇಡಿಸಿಕೊಡುತ್ತೇವೆ ಅಂತ ಯಾರಾದರೂ ಸರ್ಟಿಫಿಕೇಟ್ ತೋರಿಸಿದರೆ ನಂಬಬೇಡಿ. ನಂಬರ್ ಸಿಕ್ಕ ಕ್ಷುದ್ರಗ್ರಹಗಳು ಏಳು ಲಕ್ಷ ದಾಟಿವೆ, ಹೆಸರಿರುವವು ಅದರಲ್ಲಿ ಕೆಲವು ಹತ್ತು ಸಾವಿರ ಮಾತ್ರ.

ತಾತ್ಕಾಲಿಕ ಗುರುತು ಓದುವುದನ್ನು ಮಕ್ಕಳಿಗೆ ಕಲಿಸಿ, ಖುಷಿಪಡುತ್ತಾರೆ. ನಮಗೆ ಹತ್ತಿರದ ಉದಾಹರಣೆಯೇ ಇದೆ. ತಮಿಳುನಾಡಿನ ಕಾವಲೂರಿನಲ್ಲಿರುವ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಹಳೇ ಮದ್ರಾಸ್ ವೀಕ್ಷಣಾಲಯ ಕೊಡೈಕೆನಾಲ್‌ಗೆ ಹೋಗಿ, ಅಲ್ಲಿಂದ ಬೆಳೆದ ಸಂಸ್ಥೆಯೇ ಇದು. ಕಾವಲೂರಿನಲ್ಲಿ ಆರ್. ರಾಜಮೋಹನ್ ‘ಕಲ್ಕಿ’ ಎಂಬ ಯೋಜನೆಯಲ್ಲಿ 1988ರ ಫೆಬ್ರವರಿ 17ರಂದು ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಪಾಗ್ಸನ್ನನ ವೆರಾ ಆದಮೇಲೆ ಭಾರತದಿಂದ ಸಿಕ್ಕ ಮೊದಲನೆಯದು ಅದು, ನೂರು ವರ್ಷಕ್ಕೂ ಮೀರಿದ ಅಂತರ. ಅದರ ತಾತ್ಕಾಲಿಕ ಗುರುತು ‘1988 ಡಿಕ್ಯೂ1’. ವರ್ಷವನ್ನು ಅರ್ಧ ತಿಂಗಳುಗಳಾಗಿ ಒಡೆದರೆ ‘ಎ’ ಜನವರಿಯ ಮೊದಲರ್ಧ, ‘ಬಿ’ ಎರಡನೇ ಅರ್ಧ, ‘ಡಿ’ ಬರುವುದು ಫೆಬ್ರವರಿಯ ಎರಡನೇ ಅರ್ಧಕ್ಕೆ. ‘ಐ’ ಅಕ್ಷರವನ್ನು ಬಿಟ್ಟು ಎಣಿಸಿದರೆ ‘ಕ್ಯೂ’ ಹದಿನಾರನೆಯದು. ಕೊನೆಯ 1 ಅಂದರೆ 25 ಅಕ್ಷರ ಒಂದು ಸುತ್ತು ಮುಗಿದಿದೆ. 25 ಕೂಡಿಸು 16, ಆ ಹದಿನೈದು ದಿನದ 41ನೇ ವಸ್ತು. ಆಮೇಲೆ 4130 ನಂಬರ್ ಸಿಕ್ಕಿತು, ‘ರಾಮಾನುಜನ್’ ಅಂತ ಹೆಸರಾಯಿತು.

ಮದ್ರಾಸಿನ ಉಳಿದವುಗಳ ಬಗ್ಗೆ ಒಂದು ಮಾತು. 87 ಸಿಲ್ವಿಯಾಗೆ 2001ರಲ್ಲಿ ಒಂದು ಚಂದ್ರ ಸಿಕ್ಕಿತು, 2005ರಲ್ಲಿ ಇನ್ನೊಂದು ಇದೆ ಅಂತ ಪ್ರಕಟವಾಯಿತು. ಎರಡು ಚಂದ್ರಗಳಿರುವ ಕ್ಷುದ್ರಗ್ರಹ ಅಂತ ಗೊತ್ತಾದ ಮೊದಲನೆಯದು ಅದೇ. ಸಿಲ್ವಿಯಾ ರೋಮನ್ ಕಥೆಯ ಅವಳಿ ಮಕ್ಕಳ ತಾಯಿ, ಆದ್ದರಿಂದ ಚಂದ್ರಗಳಿಗೆ ರೋಮ್ಯುಲಸ್, ರೀಮಸ್ ಅಂತ ಆ ಮಕ್ಕಳ ಹೆಸರನ್ನೇ ಇಟ್ಟರು. 107 ಕಮಿಲ್ಲಾಗೂ ಎರಡು ಚಂದ್ರ ಸಿಕ್ಕಿವೆ. ಪಾಗ್ಸನ್ ಕಂಡದ್ದು ಬರೀ ಚುಕ್ಕೆ, ಇದೆಲ್ಲ ಅವನ ಕನಸಿನಲ್ಲೂ ಇದ್ದಿರಲಾರದು. ಅವನು ತೀರಿಕೊಂಡ ವರ್ಷವೇ, 1891ರ ಡಿಸೆಂಬರ್‌ನಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ಮೊದಲ ಸಲ ಫೋಟೋದಿಂದ ಕ್ಷುದ್ರಗ್ರಹ ಹಿಡಿದ. ಅಲ್ಲಿಂದ ಮುಂದೆ ನಕ್ಷೆ ಹಿಡಿದು ಕಣ್ಣಲ್ಲಿ ಹುಡುಕುವವರು ಕಡಿಮೆಯಾದರು.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ: ಏಷ್ಯಾವನ್ನು ನಿಮ್ಮ ಶಾಲೆಯಿಂದಲೇ ನೋಡಬಹುದು. ಸುಮಾರು ಹದಿನಾರು ತಿಂಗಳಿಗೊಮ್ಮೆ ಅದು ಸೂರ್ಯನ ಎದುರು ದಿಕ್ಕಿಗೆ ಬರುತ್ತೆ. ಆಗ ಅದರ ಹೊಳಪು ಹತ್ತನೇ ದರ್ಜೆಯಿಂದ ಹನ್ನೆರಡನೆಯದರ ನಡುವೆ ಎಲ್ಲೋ ಇರುತ್ತೆ, ಸೂರ್ಯನಿಗೆ ಹತ್ತಿರದ ತುದಿಯಲ್ಲಿದ್ದರೆ ಹತ್ತರ ಕಡೆಗೆ. 6 ಇಂಚಿನ ಟೆಲಿಸ್ಕೋಪಿಗೆ ಸಿಗುತ್ತೆ, ಊರ ದೀಪಗಳಿಂದ ದೂರ ಹೋಗಬೇಕು ಅಷ್ಟೇ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್‌ನಲ್ಲಿ ‘67 ಏಷ್ಯಾ’ ಹುಡುಕಿ, ಯಾವ ರಾಶಿಯಲ್ಲಿದೆ ಅಂತ ನೋಡಿಕೊಳ್ಳಿ. ಆದರೆ ಯಾವ ಚುಕ್ಕೆ ಅಂತ ಮಕ್ಕಳಿಗೆ ಮೊದಲೇ ತೋರಿಸಬೇಡಿ. ಟೆಲಿಸ್ಕೋಪಿನಲ್ಲಿ ಕಾಣುವ ವೃತ್ತದ ಎಲ್ಲ ಚುಕ್ಕೆಗಳನ್ನೂ ಪೆನ್ಸಿಲ್ಲಿನಲ್ಲಿ ಬರೆಯಲಿ. ಮಾರನೇ ದಿನ ಅದೇ ಜಾಗವನ್ನು ಮತ್ತೆ ಬರೆಯಲಿ. ಕಾಲು ಡಿಗ್ರಿ ಸರಿದದ್ದು ಯಾವುದು ಅಂತ ಅವರೇ ಹೇಳುತ್ತಾರೆ. ಮಾರನೇ ದಿನ ಮೋಡ ಬಂದರೆ ಮೂರು–ನಾಲ್ಕು ದಿನದೊಳಗೆ ನೋಡಿ. ತುಂಬ ತಡವಾದರೆ ಅದು ಆ ವೃತ್ತ ಬಿಟ್ಟು ಆಚೆ ಹೋಗಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಅಂಚಿನ ನಿಮ್ಮ ಊರಿನಲ್ಲಿ ಈ ಆಸೆ ಇಟ್ಟುಕೊಳ್ಳಬೇಡಿ.